ಹತ್ತೇ ದಿನ ರಜೆ, ಸಾವಿರ ಅಂಕ: ಎಚ್‌ಆರ್ ಸಾಫ್ಟ್‌ವೇರ್ ಏನು ನೋಡುತ್ತದೆ, ಏನು ನೋಡುವುದಿಲ್ಲ?

[ದೃಶ್ಯ: ಮದ್ದೂರು ಹತ್ತಿರದ ಗೆಜ್ಜಲಗೆರೆ, ಬೆಳಗಿನ ಶಿಫ್ಟಿಗೆ ಬರುತ್ತಿರುವ ಹೆಣ್ಣುಮಕ್ಕಳು]

ಎಲ್ಲರಿಗೂ ನಮಸ್ಕಾರ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಕಳಿಸಿದ ಪ್ರಶ್ನೆ ಇದು. "ರಜೆ ಕೇಳೋದು ಆ್ಯಪ್‌ನಲ್ಲಿ, ಪೇ ಸ್ಲಿಪ್ ಬರೋದು ಆ್ಯಪ್‌ನಲ್ಲಿ. ಹಂಗಾದ್ರೆ ಎಚ್‌ಆರ್ ಮೇಡಂಗೆ ಇನ್ನೇನು ಕೆಲಸ ಅಣ್ಣ?"

ಈ ಪ್ರಶ್ನೆ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಪ್ರತಿ ಕಂಪನಿಯೂ ಇದನ್ನೇ ಕೇಳಿಕೊಳ್ಳಬೇಕು.

ಬೇಸಿಕ್ ವಿಷಯ ಬೇಗ ಮುಗಿಸೋಣ. ಹೂಟಗಳ್ಳಿ, ಹೆಬ್ಬಾಳ, ನಂಜನಗೂಡು, ಯಾವ ಕಡೆಯ ಫ್ಯಾಕ್ಟರಿಗೆ ಹೋದರೂ ಎಚ್‌ಆರ್, ಅಂದರೆ ಸಿಬ್ಬಂದಿ ನೋಡಿಕೊಳ್ಳುವ ವಿಭಾಗದ ತಿಂಗಳು ಹೆಚ್ಚುಕಡಿಮೆ ಒಂದೇ ಥರ. ಹಾಜರಿ ಕೂಡಿಸಬೇಕು, ಓಟಿ ಲೆಕ್ಕ ಹಾಕಬೇಕು, ಸಂಬಳದ ಪಟ್ಟಿ ಮಾಡಬೇಕು. ಮುಂದಿನ ತಿಂಗಳು 15ನೇ ತಾರೀಖಿನೊಳಗೆ ಪಿಎಫ್, ಇಎಸ್‌ಐ ಕಟ್ಟಬೇಕು. ಪಿಎಫ್ ದಾಖಲೆಯಲ್ಲಿರುವ ಹೆಸರು ಆಧಾರ್‌ಗೆ ಹೊಂದದಿದ್ದರೆ ಕ್ಲೇಮ್ ನಿಂತುಹೋಗುತ್ತದೆ, ಅದರ ಹಿಂದೆ ಓಡಾಡಬೇಕು. ಇಷ್ಟರಲ್ಲಿ ತಿಂಗಳು ಮುಗಿದಿರುತ್ತದೆ. ಲೈನಿನ ಹತ್ತಿರ ಹೋಗಿ "ಹೇಗಿದ್ದೀಯಮ್ಮ" ಅಂತ ಕೇಳುವುದಕ್ಕೆ ಸಮಯವೇ ಸಿಗುವುದಿಲ್ಲ.

ಈ ಲೆಕ್ಕದ ಕೆಲಸವನ್ನೆಲ್ಲ ಸಾಫ್ಟ್‌ವೇರ್ ಚೆನ್ನಾಗಿ ಮಾಡುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಹಾಗೆ ಉಳಿದ ಸಮಯ ಎಲ್ಲಿಗೆ ಹೋಗುತ್ತದೆ ಅನ್ನುವುದೇ ನನ್ನ ಪ್ರಶ್ನೆ. ತುಂಬಾ ಕಡೆ ಅದು ಇನ್ನೊಂದು ಸ್ಕ್ರೀನ್ ನೋಡುವುದಕ್ಕೇ ಹೋಗುತ್ತದೆ.

ಆ ಸ್ಕ್ರೀನಿನಲ್ಲಿ ಪ್ರತಿಯೊಬ್ಬರ ಗೈರುಹಾಜರಿಗೆ ಒಂದು ಅಂಕ ಇರುತ್ತದೆ, ಜಾಸ್ತಿಯಾದಷ್ಟೂ ಕೆಟ್ಟದ್ದು. ಇವತ್ತು ಜಾಸ್ತಿ ಹೊತ್ತು ಇದರ ಬಗ್ಗೆಯೇ ಮಾತಾಡುತ್ತೇನೆ, ಯಾಕೆಂದರೆ ನನಗೆ ನಿದ್ದೆಗೆಡಿಸಿದ ಲೆಕ್ಕ ಇದು. ಹೆಸರು ಬ್ರಾಡ್‌ಫರ್ಡ್ ಫ್ಯಾಕ್ಟರ್. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಿಂದ ಈ ಹೆಸರು ಬಂದಿದೆ ಅನ್ನುತ್ತಾರೆ, 1980ರ ದಶಕದಿಂದ ಬಳಕೆಯಲ್ಲಿದೆ. ಈಗ ಎಷ್ಟೋ ಎಚ್‌ಆರ್ ಸಾಫ್ಟ್‌ವೇರ್‌ಗಳಲ್ಲಿ ರೆಡಿಯಾಗಿಯೇ ಬರುತ್ತದೆ.

[ಪರದೆ ಮೇಲೆ: ಎಷ್ಟು ಸಲ × ಎಷ್ಟು ಸಲ × ಒಟ್ಟು ದಿನ]

ಒಂದು ವರ್ಷದಲ್ಲಿ ನೀವು ಎಷ್ಟು ಸಲ ಗೈರಾದಿರಿ? ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಒಟ್ಟು ಗೈರಾದ ದಿನಗಳಿಂದ ಗುಣಿಸಿ. ಅಷ್ಟೇ.

ಈಗ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು ಊರಹಬ್ಬ, ತಂಗಿಯ ಮದುವೆ ಅಂತ ಒಟ್ಟಿಗೆ ಹತ್ತು ದಿನ ಬರಲಿಲ್ಲ. ಒಂದು ಸಲ, ಹತ್ತು ದಿನ. ಒಂದು ಒಂದ್ಲ ಒಂದು, ಹತ್ತರಿಂದ ಗುಣಿಸಿದರೆ ಹತ್ತು. ಇನ್ನೊಬ್ಬರ ಮಗುವಿಗೆ ಉಬ್ಬಸ. ತಿಂಗಳಿಗೊಂದು ದಿನದ ಹಾಗೆ ಹತ್ತು ಸಲ ಆಸ್ಪತ್ರೆಗೆ ಓಡಿದ್ದಾರೆ. ಹತ್ತು ಹತ್ತಲ ನೂರು, ನೂರು ಹತ್ತಲ ಸಾವಿರ!

ಇಬ್ಬರೂ ಬರದೇ ಇದ್ದದ್ದು ಹತ್ತೇ ದಿನ. ಒಬ್ಬರ ಅಂಕ 10, ಇನ್ನೊಬ್ಬರದು 1,000. ಆಸ್ಪತ್ರೆಗೆ ಹೋದ ತಾಯಿಯ ಹೆಸರು ಸ್ಕ್ರೀನಿನಲ್ಲಿ ಕೆಂಪಾಯಿತು.

ಈ ಲೆಕ್ಕಕ್ಕೂ ಒಂದು ಕಾರಣ ಇದೆ, ಅದನ್ನೂ ಹೇಳಬೇಕು. ಹತ್ತು ದಿನದ ರಜೆ ಮೊದಲೇ ಗೊತ್ತಿದ್ದರೆ ಬದಲಿ ಟೈಲರ್ ಕೂರಿಸಬಹುದು. ಬೆಳಿಗ್ಗೆ ಎಂಟೂವರೆಗೆ ಫೋನ್ ಮಾಡಿ "ಬರಕ್ಕಾಗಲ್ಲ" ಅಂದರೆ ಕಾಲರ್ ಹೊಲಿಯುವವರಿಲ್ಲದೆ ಇಡೀ ಬ್ಯಾಚ್ ಕಾಯುತ್ತದೆ. ಸೂಪರ್‌ವೈಸರ್ ಕಷ್ಟವೂ ನಿಜವೇ. ಆದರೆ ಈ ಅಂಕ ಕಾರಣ ಕೇಳುವುದಿಲ್ಲ. ಅದನ್ನು ನೋಡಿ ನೇರವಾಗಿ ವಾರ್ನಿಂಗ್ ಲೆಟರ್ ಕಳಿಸುವುದು ನನ್ನ ಪ್ರಕಾರ ತಪ್ಪು, ಅನ್ಯಾಯ ಕೂಡ.

ನಮ್ಮ ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಆರ್‌ಎಸ್ ಮಟ್ಟ 124.80 ಅಡಿ, ಅಣೆಕಟ್ಟೆ ಭರ್ತಿ ಅಂತ ಪೇಪರಿನಲ್ಲಿ ಬರುತ್ತದೆ. ವಿಸಿ ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟಿದೆಯಾ? ಅದನ್ನು ನೀರುಗಂಟಿ ಏರಿ ಮೇಲೆ ನಡೆದು ಹೋಗಿಯೇ ನೋಡಬೇಕು.

ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾಗೆ ನಡೆದು ಹೋಗಿ ನೋಡುವುದೇ ಎಚ್‌ಆರ್ ಮೇಡಂ ಕೆಲಸ. ಒಂದೇ ಲೈನಿನಲ್ಲಿ ಆರು ಜನರ ಹೆಸರು ಕೆಂಪಾಗಿದೆ ಅಂದುಕೊಳ್ಳಿ. ಮೇಡಂ ಲೆಟರ್ ಟೈಪ್ ಮಾಡದೆ ಲೈನಿಗೆ ಹೋಗಿ ಮಾತಾಡುತ್ತಾರೆ. ಆರೂ ಜನರಿಗೆ ಚಿಕ್ಕ ಮಕ್ಕಳು. ಫ್ಯಾಕ್ಟರಿಯಲ್ಲಿ ಶಿಶುಪಾಲನಾ ಕೇಂದ್ರ ಇದೆ, ಆದರೆ ಮಗುವಿಗೆ ಸ್ವಲ್ಪ ಮೈ ಬಿಸಿ ಇದ್ದರೂ ಅಲ್ಲಿನ ಆಯಾ ಸೇರಿಸಿಕೊಳ್ಳುವುದಿಲ್ಲ, ಇರುವುದು ಒಬ್ಬರೇ. 50 ಜನರಿಗಿಂತ ಕಡಿಮೆ ಇಲ್ಲದ ಕಡೆ ಇಂಥ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಕಾಗದದಲ್ಲಿ ಎಲ್ಲ ಸರಿ ಇದೆ.

ಈಗ ಮೇಡಂ ಪ್ರೊಡಕ್ಷನ್ ಮೀಟಿಂಗಿಗೆ ಹೋಗಿ, "ಇನ್ನೊಬ್ಬ ಆಯಾ ಬೇಕು, ವಾರಕ್ಕೆರಡು ದಿನ ನರ್ಸ್ ಬರಬೇಕು. ಈ ಲೈನ್ ಎಷ್ಟು ದಿನ ನಿಂತಿತ್ತು ಅನ್ನುವ ಲೆಕ್ಕ ಇಲ್ಲಿದೆ ನೋಡಿ ಸರ್" ಅನ್ನುತ್ತಾರೆ. ಆ ಲೆಕ್ಕ ಕೈಗೆ ಕೊಟ್ಟದ್ದು ಸಾಫ್ಟ್‌ವೇರೇ. ಅದಿಲ್ಲದಿದ್ದರೆ ಜನರಲ್ ಮ್ಯಾನೇಜರ್ ಮುಂದೆ ಅವರ ಮಾತು ನಿಲ್ಲುತ್ತಿರಲಿಲ್ಲ. ಎಚ್‌ಆರ್ ಕಂಪನಿಯ ದೊಡ್ಡ ತೀರ್ಮಾನಗಳಲ್ಲಿ ಕೂರಬೇಕು ಅಂತ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಹೇಳುತ್ತಾರಲ್ಲ, ಅದು ನಿಜವಾಗುವುದು ಇಂಥ ಕಡೆ.

ಟೈಮ್ ಕಡಿಮೆ ಇದೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕೆಲಸಕ್ಕೆ ಜನರನ್ನು ಆರಿಸುವ ಸಾಫ್ಟ್‌ವೇರ್ ಬಗ್ಗೆ ಹುಷಾರಾಗಿರಿ. ಅಮೆಜಾನ್ ಕಂಪನಿ ಅರ್ಜಿಗಳಿಗೆ ಅಂಕ ಕೊಡುವ ಒಂದು ಎಐ ಮಾಡಿಸಿತ್ತು. ಹಳೆಯ ಹತ್ತು ವರ್ಷದ ಅರ್ಜಿಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಗಂಡಸರದೇ ಜಾಸ್ತಿ. ಹಾಗಾಗಿ ಅರ್ಜಿಯಲ್ಲಿ ಮಹಿಳಾ ಕ್ಲಬ್, ಮಹಿಳಾ ಕಾಲೇಜು ಅಂತ ಇದ್ದರೆ ಅಂಕ ಕಡಿಮೆ ಮಾಡುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟಿತು, 2018ರಲ್ಲಿ ರಾಯಿಟರ್ಸ್ ಸುದ್ದಿ ಮಾಡಿತು.

ಬೆರಳಚ್ಚಿನ ಮಷೀನ್. ಸಿಮೆಂಟ್, ಸೋಪಿನ ಪುಡಿ, ಒರಟು ಲೋಹ ಮುಟ್ಟುವವರ ಬೆರಳಿನ ಗೆರೆ ಸವೆದಿರುತ್ತದೆ. ತಲೆಗೂದಲಿಗೆ ಬೆರಳು ಉಜ್ಜಿ, ಮತ್ತೆ ಮತ್ತೆ ಒತ್ತುವುದನ್ನು ಗೇಟಿನಲ್ಲಿ ನೀವೂ ನೋಡಿರುತ್ತೀರಿ. ಅಂಥವರಿಗೆ ಕಾರ್ಡ್ ಕೊಡಿ. ಮಷೀನ್ ಬೆರಳು ತೆಗೆದುಕೊಳ್ಳದೇ ಇದ್ದದ್ದಕ್ಕೆ ಅರ್ಧ ದಿನದ ಸಂಬಳ ಕಟ್ ಮಾಡಬೇಡಿ.

ಹಾಗೇ ಆ್ಯಪ್ ಕನ್ನಡದಲ್ಲಿರಲಿ. ಪೇ ಸ್ಲಿಪ್‌ನಲ್ಲಿ ಪಿಎಫ್‌ಗೆ ಎಷ್ಟು ಹೋಯಿತು, ಎಷ್ಟು ರಜೆ ಉಳಿದಿದೆ ಅಂತ ಸೂಪರ್‌ವೈಸರ್‌ನ ಕೇಳದೆ ತಾವೇ ಓದುವಂತಿರಬೇಕು.

ಕೊನೆಯದು, ನಿಮ್ಮ ಬೆರಳಚ್ಚು, ಮುಖದ ಫೋಟೊ. ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು, ಬೇರೆ ಕಾನೂನು ಇಟ್ಟುಕೊಳ್ಳಿ ಅಂದಿದ್ದರೆ ಮಾತ್ರ ಇಟ್ಟುಕೊಳ್ಳಬಹುದು ಅನ್ನುತ್ತದೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ನೀವು ಕೆಲಸ ಬಿಟ್ಟ ಮೇಲೆ ಅವನ್ನು ಏನು ಮಾಡುತ್ತಾರೆ ಅಂತ ನಿಮ್ಮ ಎಚ್‌ಆರ್‌ನ ಕೇಳಿ. ಅವರು ಕೊಟ್ಟ ಉತ್ತರವನ್ನು ನಮಗೂ ಬರೆದು ಕಳಿಸಿ, ಕಂಪನಿ ಹೆಸರು ಬೇಡ. ಬಂದ ಉತ್ತರಗಳನ್ನು ಇಟ್ಟುಕೊಂಡು ಇನ್ನೊಂದು ವಿಡಿಯೋ ಮಾಡುತ್ತೇವೆ.