ಬೆಳಗಾವಿಯಲ್ಲೇ ಕೂತು ಫ್ರೀಲ್ಯಾನ್ಸ್ ಅನುವಾದ: ಶುರು ಮಾಡೋದು ಹೇಗೆ?

[ಪರದೆ: ಖಡೇಬಜಾರ್, ಕನ್ನಡ–ಮರಾಠಿ ಅಂಗಡಿ ಬೋರ್ಡುಗಳು]

ನಮಸ್ಕಾರ ರೀ. ನಿಪ್ಪಾಣಿ, ಚಿಕ್ಕೋಡಿ, ಖಾನಾಪುರ ಕಡೆಯ ಎಷ್ಟೋ ಹುಡುಗ ಹುಡುಗಿಯರು ನನಗೆ ಕೇಳುತ್ತಾರೆ: "ಅಕ್ಕಾರ, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಬರ್ತಾವ. ಅನುವಾದ ಮಾಡಿ ದುಡಿಬಹುದೇನ್ರಿ?"

ಖಂಡಿತ ದುಡಿಯಬಹುದು. ಆದರೆ "ನಾಲ್ಕು ಭಾಷೆ ಬರುತ್ತೆ" ಅಂತ ಬರೆದುಕೊಂಡರೆ ಕೆಲಸ ಸಿಗೋದು ಕಷ್ಟ. ಕೆಲಸ ಕೊಡುವವರಿಗೆ ಬೇಕಿರುವುದು ಎರಡೇ ವಿಷಯ. ಯಾವ ಭಾಷೆಯಿಂದ ಯಾವ ಭಾಷೆಗೆ? ಯಾವ ವಿಷಯ ನಿಮಗೆ ಚೆನ್ನಾಗಿ ಗೊತ್ತು?

ಮೊದಲು ಭಾಷೆ. ನೀವು ತಪ್ಪಿಲ್ಲದೆ ಸಲೀಸಾಗಿ ಬರೆಯುವ ಭಾಷೆಗೇ ಅನುವಾದ ಮಾಡಿ. ಇಂಗ್ಲಿಷಿನಿಂದ ಕನ್ನಡಕ್ಕೆ ಕೆಲಸ ಜಾಸ್ತಿ, ಪೈಪೋಟಿಯೂ ಜಾಸ್ತಿ. ಮರಾಠಿಯಿಂದ ಕನ್ನಡಕ್ಕೆ ಕೆಲಸ ಕಡಿಮೆ, ಆದರೆ ಎರಡನ್ನೂ ಓದಿ ಬರೆಯಬಲ್ಲವರು ಇರುವುದು ನಮ್ಮಂಥ ಗಡಿ ಊರುಗಳಲ್ಲೇ.

ಇಲ್ಲಿ ನಮ್ಮ ಭಾಗದ್ದೇ ಆದ ಒಂದು ಕೆಲಸ ಇದೆ. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಯಪುರ ಜಿಲ್ಲೆಗಳು ಮುಂಬೈ ರಾಜ್ಯದಲ್ಲಿದ್ದವು. ಬಾಗಲಕೋಟೆ ವಿಜಯಪುರದೊಳಗೇ ಇತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾಗಿ ಹಳೇ ಮನೆತನಗಳ ಟ್ರಂಕಿನಲ್ಲಿ ಮರಾಠಿ ಕಾಗದಪತ್ರ ಇವತ್ತಿಗೂ ಇರುತ್ತವೆ, ಕೆಲವು ಮೋಡಿ ಲಿಪಿಯಲ್ಲಿ. ಹೊಲದ ಪಾಲು, ವಾರಸಾ ತಕರಾರು ಎದ್ದಾಗ ಅವು ಹೊರಗೆ ಬರುತ್ತವೆ. ಮೋಡಿ ಕೈ ಎತ್ತದೆ ಸರಸರ ಬರೆಯಲು ಬಳಸುತ್ತಿದ್ದ ಲಿಪಿ. ಇ, ಉ ಸ್ವರಗಳಲ್ಲಿ ಹ್ರಸ್ವ, ದೀರ್ಘ ಬೇರೆ ಮಾಡಿ ತೋರಿಸುವುದಿಲ್ಲ. ಮರಾಠಿ ಚೆನ್ನಾಗಿ ಓದುವವರಿಗೂ ಅದು ತಾನಾಗಿ ಬರುವುದಿಲ್ಲ, ಕೂತು ಕಲಿಯಬೇಕು. ಇತಿಹಾಸ ಇಷ್ಟ ಇದ್ದವರು ದಯವಿಟ್ಟು ಕಲಿಯಿರಿ. ಓದುವವರು ಕಡಿಮೆಯಾದಷ್ಟೂ ಆ ಕಾಗದಗಳು ಸುಮ್ನೆ ಗೆದ್ದಲ ಪಾಲಾಗುತ್ತವೆ.

ಇನ್ನು ವಿಷಯ. ನರ್ಸಿಂಗ್ ಓದಿದ್ದೀರಾ? ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡಿದ್ದೀರಾ? ಮನೆಯವರದು ತಿಕೋಟಾ ಕಡೆ ದ್ರಾಕ್ಷಿ ತೋಟ ಇದೆಯಾ? ಅದೇ ನಿಮ್ಮ ಬಂಡವಾಳ.

[ಪರದೆ: ಕೀಟನಾಶಕದ ಡಬ್ಬಿ, ಅದರ ಜೊತೆಗಿನ ಮಡಚಿದ ಚೀಟಿ]

ಈ ಚೀಟಿ ನೋಡಿ. ಇದನ್ನು ಆಯಾ ಭಾಗದ ಭಾಷೆಯಲ್ಲೂ ಅಚ್ಚು ಹಾಕಬೇಕು ಅಂತ ನಿಯಮ ಇದೆ, ಹಾಗಾಗಿ ಅನುವಾದಕರು ಬೇಕೇ ಬೇಕು. ಯಾವ ಬೆಳೆ, ಯಾವ ಕೀಟ, ಎಷ್ಟು ಔಷಧ, ಕೊನೆಯ ಸಲ ಹೊಡೆದ ಮೇಲೆ ಕಟಾವಿಗೆ ಎಷ್ಟು ದಿನ ಬಿಡಬೇಕು, ಎಲ್ಲ ಇದರಲ್ಲಿದೆ. ಪ್ರಮಾಣ ಹೆಕ್ಟೇರ್ ಲೆಕ್ಕದಲ್ಲಿದೆ. ನಮ್ಮ ರೈತರು ಎಕರೆ ಅಂತಾರೆ, ಅಲ್ವಾ? ಒಂದು ಹೆಕ್ಟೇರ್ ಅಂದರೆ ಹತ್ತಿರಹತ್ತಿರ ಎರಡೂವರೆ ಎಕರೆ. ಹಾಗಂತ ನೀವೇ ಭಾಗಾಕಾರ ಮಾಡಿ ಅಂಕಿ ಬದಲಿಸಬಾರದು. ಇದ್ದ ಅಂಕಿ ಇದ್ದ ಹಾಗೇ ಇಟ್ಟು, "ಎಕರೆ ಲೆಕ್ಕವನ್ನೂ ಕೊಡೋಣವೇ?" ಅಂತ ಕಂಪನಿಗೆ ಬರೆದು ಕೇಳಿ. 0.5 ಹೋಗಿ 5 ಆದರೆ ಒಬ್ಬರ ತೋಟವೇ ಹಾಳಾಗುತ್ತದೆ. ಅನುವಾದ ಮುಗಿದ ಮೇಲೆ ಬರೀ ಅಂಕಿಗಳಿಗಾಗಿಯೇ ಇನ್ನೊಂದು ಸಲ ಓದಿ. ಈ ಅಭ್ಯಾಸ ಇರುವವರನ್ನು ಕಂಪನಿಗಳು ಬಿಡುವುದಿಲ್ಲ.

ಇಂಥದ್ದೇ ಎರಡು ಮೂರು ಮಾದರಿ ಮಾಡಿಕೊಳ್ಳಿ, ಒಂದೊಂದು ಪುಟ ಸಾಕು. ವಿಷಯ ಬಲ್ಲವರಿಗೆ ಓದಲು ಕೊಡಿ. ದ್ರಾಕ್ಷಿ ಬೆಳೆಯುವ ಕಾಕಾ ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಿ. ಆಮೇಲೆ ಅನುವಾದ ಏಜೆನ್ಸಿಗಳಿಗೆ ಕಳಿಸಿ. ಅನುವಾದಕರು, ಕೆಲಸ ಕೊಡುವವರು ಸೇರುವ ಪ್ರೋಜ್ ಡಾಟ್ ಕಾಮ್‌ನಂಥ ತಾಣಗಳಲ್ಲಿ ಹೆಸರು ಹಚ್ಚಿ. ಪರೀಕ್ಷೆಗೆ ಅಂತ ಇನ್ನೂರು ಮುನ್ನೂರು ಪದ ಮಾಡಿಕೊಡಬಹುದು. ಹತ್ತು ಪುಟ ಪುಕ್ಕಟೆ ಕೇಳಿದರೆ, ಇಲ್ಲವೇ ನೋಂದಣಿ ಶುಲ್ಕ ಕಟ್ಟಿ ಅಂದರೆ, ಅಲ್ಲಿಗೇ ಬಿಟ್ಟುಬಿಡಿ.

ದರ ಪದಕ್ಕೆ ಇಷ್ಟು ಅಂತ ಇರುತ್ತದೆ. ಮೂಲದ ಪದಗಳ ಲೆಕ್ಕವೋ ಅನುವಾದದ ಲೆಕ್ಕವೋ ಅಂತ ಮೊದಲೇ ಕೇಳಿ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ, ಸಾವಿರ ಇಂಗ್ಲಿಷ್ ಪದ ಕನ್ನಡಕ್ಕೆ ಬಂದಾಗ ಸಾವಿರ ಉಳಿಯುವುದಿಲ್ಲ. ಕನ್ನಡದ ಪದ ಎಣಿಸಿ ಕೊಡುತ್ತೇವೆ ಅಂದರೆ ದರ ಹೆಚ್ಚು ಕೇಳುವುದು ನ್ಯಾಯ.

ಯಂತ್ರ ಅನುವಾದ ಬಂದಿದೆಯಲ್ಲ ಅಂತೀರಾ? ಹೌದು. ಯಂತ್ರ ಮಾಡಿದ್ದನ್ನು ತಿದ್ದಿಕೊಡಿ ಅಂತ ಬರುವ ಕೆಲಸ ಈಗ ಬಹಳ. ಅದಕ್ಕೆ ದರ ಕಡಿಮೆ ಹೇಳುತ್ತಾರೆ. ಒಪ್ಪುವ ಮೊದಲು ಒಂದು ಪುಟ ತಿದ್ದಿ ನೋಡಿ. ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿದರೆ ಪೂರ್ತಿ ದರವನ್ನೇ ಕೇಳಿ.

ಸಾಫ್ಟ್‌ವೇರ್‌ಗೆ ಒಮೇಗಾಟಿ ಸಾಕು, ಅದು ಉಚಿತ. ನೀವು ಮಾಡಿದ ಒಂದೊಂದು ವಾಕ್ಯವನ್ನೂ ನೆನಪಿಟ್ಟು, ಅಂಥದ್ದೇ ವಾಕ್ಯ ಬಂದಾಗ ಎದುರಿಗೆ ತಂದಿಡುತ್ತದೆ. ಟೈಪಿಂಗ್ ಮಾತ್ರ ಯೂನಿಕೋಡ್‌ನಲ್ಲೇ, ಅಂದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡದ ವ್ಯವಸ್ಥೆಯಲ್ಲೇ ಇರಲಿ.

ಕೊನೆಗೆ ದುಡ್ಡು. ಪದಸಂಖ್ಯೆ, ದರ, ನೀವು ಕೆಲಸ ಮುಗಿಸಿ ಕೊಡುವ ದಿನ, ಮೂರೂ ಇರುವ ವರ್ಕ್ ಆರ್ಡರ್ ಮೇಲ್‌ನಲ್ಲಿ ಬಂದ ಮೇಲೆಯೇ ಕೆಲಸ ಹಿಡಿಯಿರಿ. ಬಿಲ್ ಕಳಿಸಿದ ತಿಂಗಳು ಒಂದೂವರೆ ತಿಂಗಳಿಗೆ ಹಣ ಬರುವುದು ಮಾಮೂಲು, ಅಷ್ಟು ದಿನದ ಮನೆ ಖರ್ಚು ಕೈಯಲ್ಲಿರಲಿ. ಕೆಲವರು ನೂರಕ್ಕೆ ಹತ್ತರಂತೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು ಕೊಡುತ್ತಾರೆ. ಆ ಹಣ ನಿಮ್ಮ ಪಾನ್ ಹೆಸರಿನಲ್ಲೇ ಜಮಾ ಆಗಿರುತ್ತದೆ. ನಿಮ್ಮ ಆದಾಯಕ್ಕೆ ತೆರಿಗೆ ಬರುವುದಿಲ್ಲವಾದರೆ ರಿಟರ್ನ್ ತುಂಬಿ ಅದನ್ನು ವಾಪಸ್ ಪಡೆಯಿರಿ.