ಈ ಉತ್ತರ ಯಾವ ಪ್ರಶ್ನೆಗೆ?

ನಮಸ್ಕಾರ. ಇವತ್ತು ಒಂದು ಲೆಕ್ಕದ ಕಥೆ.

1946ರ ಹೊತ್ತು. ಲಂಡನ್ ಪಕ್ಕದ ಟೆಡಿಂಗ್ಟನ್‌ನಲ್ಲಿ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಅಂತ ಇದೆ. ಅಲ್ಲಿನ ಗಣಿತ ವಿಭಾಗಕ್ಕೆ 18 ಸಮೀಕರಣಗಳ ಒಂದು ಲೆಕ್ಕ ಬಂತು. ಅವರ ಕಂಪ್ಯೂಟರ್ ಇನ್ನೂ ಕಾಗದದ ಮೇಲಿತ್ತು. ಮೇಜಿನ ಮೇಲಿದ್ದದ್ದು ಬರೀ ಕ್ಯಾಲ್ಕ್ಯುಲೇಟರ್ ಯಂತ್ರ. ಕೂತವರು ನಾಲ್ಕು ಜನ: ಫಾಕ್ಸ್, ಗುಡ್‌ವಿನ್, ಜಿಮ್ ವಿಲ್ಕಿನ್ಸನ್, ಅಲನ್ ಟ್ಯೂರಿಂಗ್.

ಈ ಲೆಕ್ಕ ಸರಿಯಾಗಿ ಬರುತ್ತದೆ ಅನ್ನುವ ನಂಬಿಕೆಯೇ ಟ್ಯೂರಿಂಗ್‌ಗೆ ಇರಲಿಲ್ಲ. ಯಾಕೆ? ಒಂದೊಂದು ಗುಣಾಕಾರದಲ್ಲೂ ಕೊನೆಯ ಅಂಕಿಗಳನ್ನು ಬಿಟ್ಟುಬಿಡಬೇಕು. ಇಲ್ಲಿ ಸುಮಾರು 2 ಸಾವಿರ ಗುಣಾಕಾರ. ಬಿಟ್ಟದ್ದೆಲ್ಲ ಸೇರಿದರೆ? ಹೋಟೆಲಿಂಗ್ ಎಂಬ ವಿದ್ವಾಂಸರು 1943ರಲ್ಲೇ ಎಚ್ಚರಿಸಿದ್ದರು: ಒಂದೊಂದು ಸಮೀಕರಣ ಜಾಸ್ತಿ ಆದಾಗಲೂ ತಪ್ಪು 4 ಪಟ್ಟು ಬೆಳೆಯಬಹುದು. 18ಕ್ಕೆ ಬರುವಷ್ಟರಲ್ಲಿ ಅದು 1,700 ಕೋಟಿ ಪಟ್ಟು!

ಲೆಕ್ಕ ಮುಗಿಯಿತು. ಬಂದ ಉತ್ತರವನ್ನು ಮೂಲ ಸಮೀಕರಣಗಳಿಗೇ ಹಾಕಿ ನೋಡಿದರು. ಹೆಚ್ಚುಕಮ್ಮಿ ಕೊನೆಯ ಅಂಕಿಯವರೆಗೂ ತಾಳೆ ಆಯಿತು.

ಇದು ಹೇಗೆ ಸಾಧ್ಯ? 1948ರಲ್ಲಿ ಟ್ಯೂರಿಂಗ್ ಇದೇ ವಿಷಯದ ಮೇಲೆ ಒಂದು ಪ್ರಬಂಧ ಬರೆದರು. ಆದರೆ ಈ ಗಂಟನ್ನು ಪಟ್ಟು ಹಿಡಿದು ಬಿಡಿಸಿದವರು ವಿಲ್ಕಿನ್ಸನ್. ಅವರು ಪ್ರಶ್ನೆಯನ್ನೇ ತಿರುಗಿಸಿದರು. 'ನನ್ನ ಉತ್ತರ ಸರಿಯುತ್ತರದಿಂದ ಎಷ್ಟು ದೂರ?' ಅಂತ ಕೇಳಲಿಲ್ಲ. 'ನನ್ನ ಉತ್ತರ ಯಾವ ಪ್ರಶ್ನೆಗೆ ತಪ್ಪಿಲ್ಲದ ಉತ್ತರ?' ಅಂತ ಕೇಳಿದರು. ಆ ಪ್ರಶ್ನೆ ನಮ್ಮ ಪ್ರಶ್ನೆಗಿಂತ ಕೂದಲೆಳೆಯಷ್ಟೇ ಬೇರೆ ಇದ್ದರೆ ವಿಧಾನದ್ದೇನೂ ತಪ್ಪಿಲ್ಲ. ನಾವು ಕೊಟ್ಟ ಅಂಕಿಗಳೇ ಅಳತೆಯಿಂದ ಬಂದವು, ಅವುಗಳಲ್ಲೂ ಅಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ ಅಲ್ವಾ? ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಚೆಂದದ ಯೋಚನೆ.

ಇದರ ಇನ್ನೊಂದು ಮುಖವನ್ನೂ ತೋರಿಸಿದವರು ಅವರೇ. ಅವರ ಪೈಲಟ್ ಏಸ್ ಕಂಪ್ಯೂಟರ್ 1950ರ ಮೇ 10ರಂದು ಮೊದಲ ಪ್ರೋಗ್ರಾಂ ನಡೆಸಿತು. ಅದರ ಮೇಲೆ ಮೂಲ, ಅಂದರೆ ಬಹುಪದೋಕ್ತಿಯನ್ನು ಸೊನ್ನೆ ಮಾಡುವ ಎಕ್ಸ್‌ನ ಬೆಲೆ, ಹುಡುಕುವ ಪ್ರೋಗ್ರಾಂ ಪರೀಕ್ಷಿಸಲು ಅವರು ಸುಲಭದ್ದೊಂದು ಬಹುಪದೋಕ್ತಿ ಆರಿಸಿಕೊಂಡರು. ಮೂಲಗಳು 1, 2, 3 ಹೀಗೆ 20ರವರೆಗೆ. ಎಲ್ಲ ಬಿಡಿಬಿಡಿಯಾಗಿ, ಸಾಲಾಗಿ ನಿಂತಿವೆ. ಇದರಲ್ಲಿ ಎಕ್ಸ್‌ನ 19ನೇ ಘಾತದ ಸಹಗುಣಕ ಮೈನಸ್ 210. ಅದನ್ನು ಸುಮ್ನೆ ಒಂದಿಷ್ಟು, ಅಂದರೆ ಒಂದರ ಸುಮಾರು 84 ಲಕ್ಷದಲ್ಲಿ ಒಂದು ಭಾಗದಷ್ಟು, ಕಡಿಮೆ ಮಾಡಿ ನೋಡಿ. 20 ಇದ್ದದ್ದು 20.85ರ ಹತ್ತಿರ ಹೋಗುತ್ತದೆ. 10ರಿಂದ 19ರವರೆಗಿನ ಹತ್ತೂ ಮೂಲಗಳು ಜೋಡಿಜೋಡಿಯಾಗಿ ಕಾಂಪ್ಲೆಕ್ಸ್ ನಂಬರ್ ಆಗಿಬಿಡುತ್ತವೆ! ಇಲ್ಲಿ ಪ್ರೋಗ್ರಾಂದು ತಪ್ಪಿಲ್ಲ, ಯಂತ್ರದ್ದೂ ತಪ್ಪಿಲ್ಲ. ಪ್ರಶ್ನೆಯೇ ಅಷ್ಟು ನಾಜೂಕು. ತಮ್ಮ ವೃತ್ತಿಯಲ್ಲೇ ಅತಿ ದೊಡ್ಡ ಆಘಾತ ಇದು ಅಂತ ಅವರು ಮುಂದೆ ಬರೆದುಕೊಂಡರು. 1970ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಈಗ ನನ್ನ ಸಂಕಟ ಹೇಳುತ್ತೇನೆ. ಇಂಜಿನಿಯರಿಂಗ್‌ನಲ್ಲಿ ನಾನೂ ಮೂಲ ಹುಡುಕುವ ನ್ಯೂಟನ್-ರಾಫ್ಸನ್ ವಿಧಾನ ಕಲಿತೆ. ಸೂತ್ರ ಬಾಯಿಪಾಠ, ನಾಲ್ಕು ದಶಮಾಂಶದವರೆಗೆ ಉತ್ತರ, ಪೂರ್ತಿ ಮಾರ್ಕ್ಸ್. ಆ ನಾಲ್ಕು ಅಂಕಿಗಳನ್ನು ಯಾಕೆ ನಂಬಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ನಮ್ಮ ಹುಡುಗ ಹುಡುಗಿಯರು ಪೈಥಾನ್‌ನಲ್ಲಿ ಒಂದೇ ಸಾಲು ಬರೆದು ಸಾವಿರ ಸಮೀಕರಣ ಬಿಡಿಸುತ್ತಾರೆ. ಪೈಥಾನ್‌ನಲ್ಲಿ ಲೆಕ್ಕಕ್ಕೆಂದೇ ಇರುವ ನಂಪೈ ಆ ಕೆಲಸವನ್ನು ಲ್ಯಾಪ್ಯಾಕ್ ಎಂಬ ಲೈಬ್ರರಿಗೆ ಒಪ್ಪಿಸುತ್ತದೆ. ಅದರೊಳಗೆ ನಡೆಯುವುದು ಆ ನಾಲ್ವರು ಬಳಸಿದ ಅದೇ ಹಳೆಯ ಗಾಸಿಯನ್ ಎಲಿಮಿನೇಷನ್, ಅಂದರೆ ಒಂದೊಂದೇ ಅಜ್ಞಾತ ಸಂಖ್ಯೆಯನ್ನು ತೆಗೆಯುತ್ತಾ ಸಮೀಕರಣ ಬಿಡಿಸುವ ವಿಧಾನ. ಅದನ್ನು ಯಾವಾಗ ನಂಬಬಹುದು, ಯಾವಾಗ ನಂಬಬಾರದು ಅಂತ ತಿಳಿಸಿಕೊಟ್ಟವರು ವಿಲ್ಕಿನ್ಸನ್. ಇಂಥವರ ಹೆಸರನ್ನೇ ಕೇಳದೆ ಡಿಗ್ರಿ ಮುಗಿಯುತ್ತದೆ ಅಂದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಹಾಗಾಗಿ ಪಾಠ ಮಾಡುವವರಲ್ಲಿ ಒಂದು ಕೋರಿಕೆ. ನ್ಯೂಮರಿಕಲ್ ಮೆಥಡ್ಸ್ ತರಗತಿಯ ಮೊದಲ ದಿನ ಸೂತ್ರ ಬರೆಸಬೇಡಿ. ಆ 20 ಮೂಲಗಳ ಬಹುಪದೋಕ್ತಿ ಕೊಡಿ. ಲ್ಯಾಪ್‌ಟಾಪ್‌ನಲ್ಲಿ 210ನ್ನು ಅವರ ಕೈಯಿಂದಲೇ ಚೂರು ಬದಲಾಯಿಸಿಸಿ. ಐದು ನಿಮಿಷ ಸಾಕು. 'ಮೇಡಂ, ತಪ್ಪು ನಮ್ಮ ಪ್ರೋಗ್ರಾಂನಲ್ಲಿದೆಯಾ, ಲೆಕ್ಕದಲ್ಲೇ ಇದೆಯಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾಠ ಅಲ್ಲಿಂದ ಶುರು ಮಾಡಿ.