ಆ ಕ್ಯೂ ತೆಗೀರಿ ಮಾರಾಯ್ರೆ

ಎಲ್ಲರಿಗೂ ನಮಸ್ಕಾರ. ಇವತ್ತು ರಸ್ತೆ ಹೊಂಡದ ವಿಷಯ ಮಾತಾಡ್ಲಿಕ್ಕೆ ಇತ್ತು. ಅದನ್ನು ಮುಂದಿನ ವಾರಕ್ಕೆ ಇಡುವ. ಕಳೆದ ವಾರದ ವಿಡಿಯೋದ ಕೆಳಗೆ ಒಬ್ಬರು ಬರೆದದ್ದು ಓದಿದ ಮೇಲೆ ಬೇರೆ ಎಂತದೂ ತಲೆಗೆ ಹೋಗ್ತಾ ಇಲ್ಲ.

ನಾನು ಹೇಳಿದ್ದು ಇಷ್ಟೇ: ಸೂಜಿ ಚುಚ್ಚಿಕೊಂಡು ಡ್ರಗ್ಸ್ ತಗೊಳ್ಳುವವರಿಗೆ ವಿಡಿಯೋದಲ್ಲಿ ಡಾಕ್ಟ್ರು ಸಿಗುವ ಹಾಗೆ ಮಾಡಿ. ಅದಕ್ಕೆ ಬಂದ ಉತ್ತರ ಓದ್ತೇನೆ ಕೇಳಿ. "ನಮ್ಮಲ್ಲಿ ಹೆಜ್ಜೆಗೊಂದು ಆಸ್ಪತ್ರೆ ಉಂಟು. ಡ್ರಗ್ಸ್ ತರ್ಲಿಕ್ಕೆ ಹೋಗುವ ಕಾಲಿಗೆ ಆಸ್ಪತ್ರೆಗೆ ಹೋಗ್ಲಿಕ್ಕೆ ಎಂತ ದಾಡಿ?"

ಎಂತ ದಾಡಿ ಅಂತ ನಾನು ಹೇಳ್ತೇನೆ. ಕಣ್ಣಾರೆ ನೋಡಿದವ ನಾನು.

ಶಾಲೆಯಲ್ಲಿ ನನ್ನದೇ ಬೆಂಚಿನಲ್ಲಿ ಕೂತಿದ್ದವ ಒಬ್ಬ. ಹೆಸರು ಬೇಡ, ಊರೂ ಬೇಡ. ಬೋಟಿನಲ್ಲಿ ಕೆಲಸ. ಸೂಜಿ ಚುಚ್ಚಿದ ಜಾಗದಲ್ಲಿ ಕೀವು ತುಂಬಿ ತೋಳು ಬಾತುಕೊಂಡಿತ್ತು. ಆ ಕೀವು ತೆಗೆದ ಡಾಕ್ಟ್ರು ರಕ್ತ ನೋಡಿ, ಹೆಪಟೈಟಿಸ್ ಸಿ ಉಂಟು, ಅಂದರೆ ರಕ್ತದಿಂದ ಹರಡಿ ಲಿವರ್ ಹಾಳು ಮಾಡುವ ವೈರಸ್, ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು. ನಾನೇ ಬೈಕಿನಲ್ಲಿ ಕರ್ಕೊಂಡು ಹೋದೆ. ಯಾವ ಆಸ್ಪತ್ರೆ ಅಂತ ಹೇಳುದಿಲ್ಲ. ಕೌಂಟರಿನಲ್ಲಿ ಕೂತವರು ಚೀಟಿ ಓದಿದರು, ತಲೆ ಎತ್ತಿದರು, ಇಡೀ ಹಾಲಿಗೆ ಕೇಳುವ ಹಾಗೆ, "ಇಂಜೆಕ್ಷನ್ ತಗೊಳ್ಳುವ ಕೇಸಾ? ಆಚೆ ಬದಿ ನಿಲ್ಲಿ" ಅಂದರು.

ನಮ್ಮಿಂದ ನಾಲ್ಕು ಜನ ಹಿಂದೆ ಒಬ್ಬರು ಅಕ್ಕ ನಿಂತಿದ್ದರು. ಅವನ ಅಮ್ಮನ ಜೊತೆ ಬೀಡಿ ಬ್ರಾಂಚಿಗೆ ಹೋಗುವವರು. ಅವನನ್ನು ನೋಡಿದರು, ನನ್ನನ್ನು ನೋಡಿದರು, ಸೆರಗು ಸರಿ ಮಾಡಿಕೊಂಡು ಆಚೆ ತಿರುಗಿದರು. ಒಂದು ಮಾತೂ ಆಡ್ಲಿಲ್ಲ ಪಾಪ. ಇವ ನನ್ನ ಹತ್ತಿರ "ನೀರು ಕುಡ್ದು ಬರ್ತೇನೆ ಮಾರಾಯ" ಅಂದ. ಬರ್ಲಿಲ್ಲ. ಬಸ್ಸು ಹತ್ತಿ ಹೋಗಿಯಾಗಿತ್ತು.

ದಾಡಿ ಅದು. ಆ ಕ್ಯೂ. ನಮ್ಮ ಊರಲ್ಲಿ ಆಸ್ಪತ್ರೆಗೆ ಬರಗಾಲ ಇಲ್ಲ, ಒಪ್ಪುತ್ತೇನೆ. ವೆನ್ಲಾಕ್ ಸರ್ಕಾರಿ ಆಸ್ಪತ್ರೆ 1848ರಿಂದ ಮಂಗಳೂರಿನ ಹಂಪನಕಟ್ಟೆಯಲ್ಲಿ ಉಂಟು. ಕಂಕನಾಡಿಯಲ್ಲಿ ಉಂಟು, ದೇರಳಕಟ್ಟೆಯಲ್ಲಿ ಉಂಟು, ಮಣಿಪಾಲದಲ್ಲಿ ಉಂಟು. ಅಲ್ಲೆಲ್ಲ ಗುರ್ತದವರೂ ಉಂಟು! ಕುಂದಾಪುರದಲ್ಲಿ ಸೀನಿದರೆ ಸುರತ್ಕಲ್‌ನಿಂದ ಫೋನ್ ಮಾಡಿ "ಶೀತವಾ?" ಅಂತ ಕೇಳುವ ಊರು ನಮ್ಮದು. ಇಂಥಲ್ಲಿ ಆ ಚೀಟಿ ಹಿಡ್ಕೊಂಡು ಒಂದು ಗಂಟೆ ಕ್ಯೂ ನಿಲ್ಲು ಅಂದರೆ ಯಾರು ನಿಲ್ತಾರೆ? ಆ ಕ್ಯೂ ತೆಗೀರಿ ಮಾರಾಯ್ರೆ.

ಅವ ಬಿಟ್ಟು ಹೋದದ್ದು ಎಂತ ಚಿಕಿತ್ಸೆ ಗೊತ್ತುಂಟಾ? ಹೊಟ್ಟೆ ಕೊಯ್ಯುವುದಲ್ಲ. ಗುಳಿಗೆ! ಸೋಫೋಸ್ಬುವಿರ್, ಡಕ್ಲಾಟಸ್ವಿರ್. ದಿನಕ್ಕೊಂದು ಸಲ, ಸಾಮಾನ್ಯವಾಗಿ 12 ವಾರ. 100ರಲ್ಲಿ 90ಕ್ಕಿಂತ ಹೆಚ್ಚು ಜನರಿಗೆ ವೈರಸ್ ಪೂರ್ತಿ ಹೋಗ್ತದೆ. ಬಿಟ್ಟರೆ ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ಕಲ್ಲಾಗಿಸ್ತದೆ, ಕೆಲವರಿಗೆ ಕ್ಯಾನ್ಸರ್‌ವರೆಗೆ ಹೋಗ್ತದೆ. 2018ರ ಜುಲೈ 28ಕ್ಕೆ ಕೇಂದ್ರ ಸರ್ಕಾರ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದ ಮೇಲೆ ಆ ಗುಳಿಗೆ ಧರ್ಮಕ್ಕೆ ಸಿಗ್ತದೆ. ಧರ್ಮಕ್ಕೆ! ಗುಳಿಗೆ ಉಂಟು, ಡಾಕ್ಟ್ರು ಉಂಟು, ರೋಗಿ ಉಂಟು. ನಡುವೆ ಕ್ಯೂ.

"ವಿಡಿಯೋದಲ್ಲಿ ಹೊಟ್ಟೆ ಮುಟ್ಟಿ ನೋಡ್ಲಿಕ್ಕೆ ಆಗ್ತದಾ?" ಅಂತ ಇನ್ನೊಬ್ಬರ ಪ್ರಶ್ನೆ. ಎಂತಕ್ಕೆ ಮುಟ್ಟುವುದು? ಈ ರೋಗದಲ್ಲಿ ಮೊದಲು ಬೇಕಾದ್ದು ರಕ್ತದ ಲೆಕ್ಕ. ವೈರಸ್ ಉಂಟಾ ಅಂತ ಆರ್‌ಎನ್‌ಎ ಪರೀಕ್ಷೆ. ಲಿವರ್ ಎಷ್ಟು ಹಾಳಾಗಿದೆ ಅಂತ ಅಂದಾಜು ಮಾಡ್ಲಿಕ್ಕೆ ವಯಸ್ಸು, ಪ್ಲೇಟ್‌ಲೆಟ್, ಮತ್ತೆ ರಕ್ತದಲ್ಲಿ ಲಿವರಿನ ಸ್ಥಿತಿ ತೋರಿಸುವ ಎಎಸ್‌ಟಿ, ಎಎಲ್‌ಟಿ. ಆ ನಾಲ್ಕು ಸಂಖ್ಯೆ ಕಾಗದದಲ್ಲಿ ನೋಡಿದರೂ ಅದೇ, ಸ್ಕ್ರೀನಿನಲ್ಲಿ ನೋಡಿದರೂ ಅದೇ. ಲಿವರ್ ತುಂಬ ಹಾಳಾದವರನ್ನು ಆಸ್ಪತ್ರೆಗೆ ಕರೆಸಿ, ಬೇಡ ಅಂದವರು ಯಾರು?

ಇದು ನನ್ನ ತಲೆಯಿಂದ ಬಂದ ಮಾತಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮಾಡಿ ನೋಡಿದ್ದಾರೆ, 2024ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅಫೀಮು ಜಾತಿಯ ಡ್ರಗ್ಸ್ ಚಟಕ್ಕೆ ಔಷಧಿ ಕೊಡುವ 12 ಕೇಂದ್ರಗಳು, ಹೆಪಟೈಟಿಸ್ ಸಿ ಇದ್ದ 602 ಜನ. ಕೆಲವರಿಗೆ ನಮ್ಮ ಹಾಗೆ ಚೀಟಿ ಕೊಟ್ಟು ಹೊರಗಿನ ಡಾಕ್ಟ್ರ ಹತ್ತಿರ ಕಳಿಸಿದರು. ಇನ್ನು ಕೆಲವರಿಗೆ ಅವರು ದಿನಾ ಬರುವ ಕೇಂದ್ರದಲ್ಲೇ ಸ್ಕ್ರೀನ್ ಇಟ್ಟು ಡಾಕ್ಟ್ರನ್ನು ತೋರಿಸಿದರು. ಚೀಟಿ ಸಿಕ್ಕಿದ 312 ಜನರಲ್ಲಿ ಗುಳಿಗೆ ಶುರು ಮಾಡಿದವರು 126. ಸ್ಕ್ರೀನ್ ಸಿಕ್ಕಿದ 290ರಲ್ಲಿ 268! ಮುಂದೆ ಕೇಳಿ, ಇಲ್ಲೇ ಉಂಟು ವಿಷಯ. ಆ 126ರಲ್ಲಿ 123 ಜನ ಗುಣ ಆದರು. ಈ 268ರಲ್ಲಿ 262. ಗುಳಿಗೆ ಬಾಯಿಗೆ ಬಿದ್ದ ಮೇಲೆ ಎರಡೂ ಕಡೆ ಹೆಚ್ಚುಕಡಿಮೆ ಎಲ್ಲರೂ ಗುಣ. ಉಳಿದವರು ತಪ್ಪಿಹೋದದ್ದು ಚೀಟಿಗೂ ಡಾಕ್ಟ್ರಿಗೂ ನಡುವಿನ ದಾರಿಯಲ್ಲಿ. ನನ್ನ ಗೆಳೆಯ ತಪ್ಪಿಹೋದದ್ದೂ ಅಲ್ಲೇ.

"ಇವರ ಹತ್ತಿರ ಸ್ಮಾರ್ಟ್‌ಫೋನ್ ಎಲ್ಲಿಂದ?" ಅಂತ ಕೇಳ್ತೀರಾ? ಬೇಡವೇ ಬೇಡ. ಸ್ಕ್ರೀನ್ ಕೇಂದ್ರದಲ್ಲಿ, ಪಕ್ಕದಲ್ಲಿ ಒಬ್ಬರು ಸಿಸ್ಟರ್. ಸೂಜಿ ಬದಲಾಯಿಸಿ ಕೊಡುವ, ಚಟದ ಔಷಧಿ ಕೊಡುವ ಜಾಗದಲ್ಲಿ ಇವರಿಗೆ ಮುಖ ತೋರಿಸ್ಲಿಕ್ಕೆ ಈಗಾಗಲೇ ಭಯ ಇಲ್ಲ. ಅಲ್ಲೇ ಮಾಡಿ.

ಇಲ್ಲಿ ಒಂದು ನಿಮಿಷ. ಮೊದಲ ಸಲ ನೋಡುವವರು ದಯವಿಟ್ಟು ಸಬ್‌ಸ್ಕ್ರೈಬ್ ಮಾಡಿ. ಬೀಡಿ ಕಟ್ಟುವ ಹೆಂಗಸರ ಬೆನ್ನುನೋವಿನ ಎಪಿಸೋಡ್ ನೋಡದವರು ಅದನ್ನೂ ನೋಡಿ, ತುಂಬ ಮನಸ್ಸಿಟ್ಟು ಮಾಡಿದ್ದು.

ಸರಿ. ವಿಡಿಯೋ ವೈದ್ಯ ನಮಗೆ ಹೊಸತಾ? ಮಂಗಳೂರು ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾಕ್ಟರ್ ಪದ್ಮನಾಭ ಕಾಮತರು ಹಳ್ಳಿಯ ಕ್ಲಿನಿಕ್ಕುಗಳಿಗೆ ಇಸಿಜಿ ಮೆಷಿನ್ ಮುಟ್ಟಿಸಿ, ವಾಟ್ಸಾಪಿನಲ್ಲಿ ಬಂದ ಇಸಿಜಿ ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದವರು. ಇಡೀ ಕರಾವಳಿ ಅದನ್ನು ಹೊಗಳಿತು, ನಾನೂ ಹೊಗಳಿದೆ. ಹಳ್ಳಿಯ ಎದೆನೋವು ಫೋನಿನಲ್ಲಿ ನೋಡಬಹುದು, ಬೋಟಿನವನ ಲಿವರ್ ನೋಡಬಾರದು? ಯಾಕೆ? ಎದೆನೋವು ಬಂದವ ಒಳ್ಳೆಯವ, ಇವ ಹಾಳಾದವ ಅಂತ ಅಲ್ವಾ ನಿಮ್ಮ ಮನಸ್ಸಿನಲ್ಲಿ ಇರುವುದು? ಹಾಗಾದರೆ ಅದನ್ನೇ ಹೇಳಿ. ಕಾಲಿನ ವಿಷಯ ಎಂತಕ್ಕೆ ಎತ್ತುವುದು?

ಕಾನೂನಿನ ಅಡ್ಡಿ ಒಂದು ಉಂಟು, ಮುಚ್ಚಿಡುದಿಲ್ಲ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುವ ಔಷಧಿಯನ್ನು ವಿಡಿಯೋದಲ್ಲಿ ಬರೆದುಕೊಡುವ ಹಾಗಿಲ್ಲ. ಚಟ ಇಳಿಸ್ಲಿಕ್ಕೆ ನಾಲಗೆಯಡಿ ಇಡುವ ಬ್ಯುಪ್ರಿನಾರ್ಫಿನ್ ಅದರಲ್ಲಿ ಬರ್ತದೆ. ಸರಿ, ಆ ಚೀಟಿ ಎದುರೆದುರೇ ಆಗ್ಲಿ. ಹೆಪಟೈಟಿಸ್‌ಗೆ ನಿಷೇಧ ಉಂಟಾ? ಕೌನ್ಸೆಲಿಂಗಿಗೆ ಉಂಟಾ? ಎಚ್‌ಐವಿ ಸಲಹೆಗೆ ಉಂಟಾ? 2017ರ ಲೆಕ್ಕದಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ನೂರಕ್ಕೆ 0.22, ಸೂಜಿಯಲ್ಲಿ ಡ್ರಗ್ಸ್ ತಗೊಳ್ಳುವವರಲ್ಲಿ ನೂರಕ್ಕೆ 6ಕ್ಕಿಂತ ಜಾಸ್ತಿ. ಸೂಜಿಯಲ್ಲಿ ತಗೊಳ್ಳುವವರು ದೇಶದಲ್ಲಿ 8.5 ಲಕ್ಷ ಅಂತ 2019ರಲ್ಲಿ ಬಂದ ಏಮ್ಸ್ ಸಮೀಕ್ಷೆ ಹೇಳ್ತದೆ. ಇಷ್ಟು ಜನರನ್ನು ಕ್ಯೂ ನಿಲ್ಲಿ ಅಂತ ಬಿಟ್ಟುಬಿಡುವುದಾ?

ಮತ್ತೆ "ಪೊಲೀಸರಿಗೆ ಕೊಡಿ" ಅನ್ನುವವರಿಗೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಓದಿ. ಸೇವನೆಯ ಕೇಸು ಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಟ ಬಿಡಿಸುವ ಚಿಕಿತ್ಸೆಗೆ ಬಂದರೆ ಆ ಕೇಸಿನಿಂದ ರಕ್ಷಣೆ ಉಂಟು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸ್ ಹೋಗಬಹುದು. ಅಂದರೆ ಅಲ್ಲಿಯೂ ಕ್ಯೂವಿಗೆ ಹೆದರಿ ಓಡಿಹೋದರೆ ಕಾನೂನಿನ ಆಸರೆಯೂ ಹೋಗಬಹುದು. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು 37 ಕಿಲೋಗಿಂತ ಹೆಚ್ಚು ಎಂಡಿಎಂಎ ಡ್ರಗ್ಸ್ ಹಿಡಿದಾಗ ನಾನು ಇದೇ ಮೈಕಿನಲ್ಲಿ ಶಭಾಷ್ ಅಂದವ. ಮಾರುವವನನ್ನು ಹಿಡಿಯಿರಿ. ಕೀವು ತುಂಬಿದ ತೋಳಿಗೆ ಲಾಠಿ ಎಂತ ಮಾಡ್ತದೆ?

ಬೋಟಿನವರ ವಿಷಯ ಹೇಳದೆ ಬಿಡುದಿಲ್ಲ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ, ದಡದಲ್ಲಿ ಇರ್ತಾರೆ. ಆಗಸ್ಟ್‌ನಿಂದ ಕಡಲು. ಆಳಸಮುದ್ರದ ಬೋಟು ಹೋದರೆ ದಿನಗಟ್ಟಲೆ ಬರುದಿಲ್ಲ. ಮಂಗಳವಾರ ಹತ್ತು ಗಂಟೆಗೆ ಒಪಿಡಿಗೆ ಬಾ ಅಂದರೆ ಅವ ಕಡಲಿನ ನಡುವಿಂದ ಬರುವುದು ಹೇಗೆ? ಗುಳಿಗೆ ಡಬ್ಬಿಯಲ್ಲಿ ಹಾಕಿ ಕೊಡಿ, ದಡಕ್ಕೆ ಬಂದ ದಿನ ವಿಡಿಯೋದಲ್ಲಿ ಮಾತಾಡಿಸಿ. 2020ರ ಲಾಕ್‌ಡೌನಿನಲ್ಲಿ ಚಟದ ಔಷಧಿಯನ್ನೇ ಮನೆಗೆ ಕೊಟ್ಟು ಕಳಿಸಿದ್ದಾರೆ ಈ ದೇಶದಲ್ಲಿ. ಆಗ ಆಕಾಶ ಬಿತ್ತಾ?

ಇಷ್ಟು ಹೇಳಿದ ಮೇಲೂ "ಆದರೂ..." ಅಂತ ಶುರು ಮಾಡುವವರು ಇರ್ತೀರಿ. ಆದರೂ ಎಂತ? ಒಂದು ಕೋಣೆ, ಒಂದು ಸ್ಕ್ರೀನ್, ಒಬ್ಬರು ಸಿಸ್ಟರ್. ವಿಡಿಯೋದಲ್ಲಿ ಡಾಕ್ಟ್ರನ್ನು ತೋರಿಸುವ ಸರ್ಕಾರದ ಇ-ಸಂಜೀವಿನಿ ಉಂಟು ಈಗಾಗಲೇ, ಮನಸ್ಸಿನ ತೊಂದರೆಗೆ ಫೋನಿನಲ್ಲಿ ಟೆಲಿ ಮಾನಸ್ ಉಂಟು. ನನಗೆ ಬೇರೆ ವಾದ ಇಲ್ಲ, ಬೇರೆ ವಾದ ಬೇಕಾಗಿಯೂ ಇಲ್ಲ. ಆ ಕ್ಯೂ ತೆಗೀರಿ. ತೆಗೀರಿ ಅಂದೆ, ಅಷ್ಟೇ!

ನಂಬರ್ ಬರ್ಕೊಳ್ಳಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಚಟ ಬಿಡ್ಲಿಕ್ಕೆ 14446. ಎಚ್‌ಐವಿ ಮಾಹಿತಿಗೆ 1097. ನಮ್ಮ ವಾಟ್ಸಾಪ್ ಚಾನೆಲ್ಲಿನಲ್ಲೂ ಮೂರನ್ನೂ ಹಾಕಿದ್ದೇನೆ, ನಿಮ್ಮ ಗ್ರೂಪುಗಳಿಗೆ ಕಳಿಸಿ.

ಆ ಗೆಳೆಯ ಮೊನ್ನೆ ಬೋಟು ನಿಲ್ಲುವ ದಕ್ಕೆಯಲ್ಲಿ ಸಿಕ್ಕಿದ. ಚಾ ಕುಡಿದೆವು. ಆಸ್ಪತ್ರೆ ಅಂತ ನಾನು ಬಾಯಿ ತೆರೆಯುವ ಮೊದಲೇ "ಬೋಟಿಗೆ ಹೊತ್ತಾಯ್ತು" ಅಂತ ಎದ್ದ. ಅವನ ರಿಪೋರ್ಟ್ ಇನ್ನೂ ನನ್ನ ಬೈಕಿನ ಬಾಕ್ಸಿನಲ್ಲೇ ಉಂಟು.